ಒಂದೇ ಕೈಯ ಚಪ್ಪಾಳೆ: ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಸಮನ್ವಯ ಕುರಿತು ಒಂದು ಶಾಸ್ತ್ರೀಯ ವಿಚಾರ

ಎರಡು ಕೈ ಸೇರದೆ ಚಪ್ಪಾಳೆಯಾಗದು ಎಂದು ನಮ್ಮ ಹಿರಿಯರು ನಂಬಿದ್ದರು. ಪಾಪ, ಅವರು ಆಡಳಿತಶಾಸ್ತ್ರ ಓದಿದವರಲ್ಲ. ರಾಜ್ಯ ಸರ್ಕಾರವೂ ಸ್ಥಳೀಯ ಸರ್ಕಾರವೂ ಸಮನ್ವಯದಿಂದಿರಲು ಎರಡು ಸರ್ಕಾರಗಳು ಬೇಕೇ ಬೇಕೆಂಬ ಭ್ರಮೆಯನ್ನು ಕರ್ನಾಟಕ ಹೇಗೆ ಹಂತ ಹಂತವಾಗಿ ಕಳೆದುಕೊಂಡಿತು ಎಂಬುದನ್ನು ನಿರೂಪಿಸುವುದೇ ಈ ಪ್ರಬಂಧದ ಉದ್ದೇಶ.

ಯಾವುದೇ ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅಂಗಗಳಿರಬೇಕು. ನಮ್ಮ ಶಾಸ್ತ್ರದ ವಿಷಯ, ರಸ್ತೆಯ ಗುಂಡಿ. ಪ್ರಯೋಜನ, ಇನ್ನೂ ಪರಿಶೀಲನೆಯಲ್ಲಿದೆ. ಸಂಬಂಧ, ಯಾವ ಇಲಾಖೆಗೂ ಇಲ್ಲ. ಅಧಿಕಾರಿಗಳಿಗೆ ಮಾತ್ರ ಕೊರತೆಯಿಲ್ಲ.

ಮೊದಲು ಪೂರ್ವಪಕ್ಷ. ಇದು ದ್ವೈತಿಗಳ ವಾದ. ರಾಜ್ಯ ಬೇರೆ, ಸ್ಥಳೀಯ ಸರ್ಕಾರ ಬೇರೆ, ಎರಡೂ ಸತ್ಯ ಎನ್ನುವವರು ಇವರು. ಈ ಪಂಥದ ಆಚಾರ್ಯರು ಅಂದಿನ ಪಂಚಾಯತ್‌ರಾಜ್ ಸಚಿವ ಅಬ್ದುಲ್ ನಜೀರ್‌ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್‌ಸಾಬ್’ ಎನಿಸಿಕೊಂಡವರು, 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದರು. 1987ರಲ್ಲಿ ಚುನಾವಣೆಯೂ ನಡೆದುಹೋಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಐಎಎಸ್ ಅಧಿಕಾರಿ ಅವರ ಕೈಕೆಳಗೆ! ಇಂಥ ಅನಾಚಾರ ಎಷ್ಟು ದಿನ ನಡೆದೀತು? 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕುಳಿತರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು 73 ಮತ್ತು 74ನೇ ತಿದ್ದುಪಡಿಗಳನ್ನು ಅಂಗೀಕರಿಸಿ, ಪಂಚಾಯಿತಿಗಳಿಗೆ 29 ವಿಷಯ, ನಗರಸಭೆಗಳಿಗೆ 18 ವಿಷಯಗಳ ಪಟ್ಟಿ ಕೊಟ್ಟಿತು. ಕೊಡಲೇಬೇಕೆಂದಲ್ಲ, ರಾಜ್ಯಗಳು ಕೊಡಬಹುದು ಎಂದು. ಆ ‘ಬಹುದು’ವಿನ ನೆರಳಲ್ಲಿ ರಾಜ್ಯಗಳು ಇಂದಿಗೂ ಸುಖವಾಗಿವೆ.

ಎರಡನೆಯದು ವಿಶಿಷ್ಟಾದ್ವೈತ: ಸ್ಥಳೀಯ ಸಂಸ್ಥೆ ಇದೆ, ಆದರೆ ರಾಜ್ಯದ ಶರೀರವಾಗಿ ಇದೆ. ಇದರ ಮಹಾಕ್ಷೇತ್ರ ಬೆಂಗಳೂರು. ಇಲ್ಲಿ ನೀರು ಮತ್ತು ಒಳಚರಂಡಿ 1964ರಿಂದ ಜಲಮಂಡಳಿಗೆ, ಬಡಾವಣೆ 1976ರಿಂದ ಬಿಡಿಎಗೆ, ಬಸ್ಸು ಬಿಎಂಟಿಸಿಗೆ, ಕರೆಂಟು ಬೆಸ್ಕಾಂಗೆ ಸೇರಿದವು. ಎಲ್ಲರೂ ಲೆಕ್ಕ ಒಪ್ಪಿಸುವುದು ವಿಧಾನಸೌಧಕ್ಕೆ. ಪಾಲಿಕೆಗೆ ಉಳಿದದ್ದರಲ್ಲಿ ಮುಖ್ಯವಾದವು ಕಸ, ರಾಜಕಾಲುವೆ ಮತ್ತು ರಸ್ತೆಯ ಮೇಲಿನ ಡಾಂಬರು. ಡಾಂಬರಿನ ಕೆಳಗಿನ ಪೈಪು ಬೇರೆಯವರದು. 2007ರಲ್ಲಿ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಕಾಲದಲ್ಲಿ ಅಲ್ಲಿನ ಜನ ನಗರವಾಸಿಗಳಾಗಿ ಟ್ಯಾಂಕರ್ ನೀರು ಕುಡಿದರು.

ಈ ಸಿದ್ಧಾಂತದ ಸೂಕ್ಷ್ಮ ಅರಿಯಲು ಮಳೆಗಾಲದ ಮ್ಯಾನ್‌ಹೋಲನ್ನು ನೋಡಬೇಕು. ಮಳೆನೀರು ಪಾಲಿಕೆಯದು, ಕೊಳಚೆನೀರು ಮಂಡಳಿಯದು. ಎರಡೂ ಬೆರೆತು ಯಾರದೋ ಅಡುಗೆಮನೆಗೆ ನುಗ್ಗಿದಾಗ, ಅದರ ಕುಲಗೋತ್ರ ನಿರ್ಣಯವಾಗುವವರೆಗೆ ಪಂಪು ಹಚ್ಚುವುದು ಶಾಸ್ತ್ರವಿರೋಧ. ಗೃಹಸ್ಥ ಅರ್ಜಿ ಬರೆಯುತ್ತಾನೆ. ಅರ್ಜಿಗೆ ಟಪಾಲಿನಲ್ಲಿ ಮೊಹರು ಬೀಳುತ್ತದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಒಂದು ಕಚೇರಿ ಇನ್ನೊಂದಕ್ಕೆ ಬರೆಯುತ್ತದೆ. ಉಲ್ಲೇಖದಲ್ಲಿ ಸಮ ಸಂಖ್ಯೆಯ ಹಳೆಯ ಪತ್ರ, ಕೆಳಗೆ ಮಾಹಿತಿಗಾಗಿ ಏಳೆಂಟು ಕಡೆಗೆ ಪ್ರತಿ. ನೆನಪೋಲೆ ಒಂದು, ನೆನಪೋಲೆ ಎರಡು. ಕಡತದ ಅಂಚಿನಲ್ಲಿ ಮೇಲಧಿಕಾರಿ ಹಸಿರು ಇಂಕಿನಲ್ಲಿ ‘ಚರ್ಚಿಸಿ’ ಎಂದು ಬರೆದು ಚಿಕ್ಕ ಸಹಿ ಹಾಕುತ್ತಾರೆ. ಚರ್ಚಿಸಬೇಕಾದವರಿಗೆ ಅಷ್ಟರಲ್ಲಿ ವರ್ಗವಾಗಿರುತ್ತದೆ. ನೀರು ತಾನಾಗಿ ಇಂಗಿ, ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಂದುಗೆರೆ ಉಳಿದ ಮೇಲೆ ಗೃಹಸ್ಥನಿಗೆ ಹಿಂಬರಹ ತಲುಪುತ್ತದೆ: ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಗಮನಿಸಿ, ಎರಡೂ ಕಚೇರಿಗಳ ಹಿಂಬರಹದಲ್ಲಿ ಇದೇ ವಾಕ್ಯವಿರುತ್ತದೆ. ಇಷ್ಟು ಒಮ್ಮತ ಬೇರೆ ಯಾವ ರಾಜಕೀಯ ವ್ಯವಸ್ಥೆಯಲ್ಲಿದೆ?

ಆದರೂ ವಿಶಿಷ್ಟಾದ್ವೈತದಲ್ಲಿ ಒಂದು ದೋಷ ಉಳಿದಿತ್ತು. ಕಾರ್ಪೊರೇಟರ್ ಎಂಬ ಪ್ರಾಣಿ ವಾರ್ಡಿನಲ್ಲಿ ಓಡಾಡಿಕೊಂಡಿತ್ತು. ಬೈಯಲು ಜನರಿಗೆ ಕೈಗೆ ಸಿಗುತ್ತಿತ್ತು. ಬೈಸಿಕೊಂಡದ್ದನ್ನು ತಂದು ಸಭೆಯಲ್ಲಿ ಕೂಗಾಡುತ್ತಿತ್ತು. ಅದು ಅಂಥ ಸಾಧುಪ್ರಾಣಿಯೇನಲ್ಲ, ಕಾಮಗಾರಿಯ ಬಿಲ್ಲೂ ಅದರ ಪ್ರಿಯ ಆಹಾರವೇ. ಆದರೆ ಅದು ಇರುವವರೆಗೆ ಪೂರ್ಣ ಸಮನ್ವಯ ಅಸಾಧ್ಯ.

ಆದ್ದರಿಂದ ಸಿದ್ಧಾಂತ: ಅದ್ವೈತ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿಯಿತು. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದೂ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನ ಹೇಳುತ್ತದೆ. ಅದು ವ್ಯಾವಹಾರಿಕ ಸತ್ಯ. ಪಾರಮಾರ್ಥಿಕದಲ್ಲಿ ಕ್ಷೇತ್ರ ಪುನರ್ವಿಂಗಡಣೆ ಇದೆ, ಮೀಸಲಾತಿ ಪಟ್ಟಿ ಇದೆ, ಪಟ್ಟಿಯ ಮೇಲೆ ಕೋರ್ಟಿನಲ್ಲಿ ಕೇಸಿದೆ, ಕೇಸಿಗೆ ವಾಯಿದೆ ಇದೆ. ಬೇರೆ ಬೇರೆ ಪಕ್ಷಗಳ ಮುಖ್ಯಮಂತ್ರಿಗಳನ್ನು ಕಂಡ ನಾಡಿನಲ್ಲಿ ಪಕ್ಷಭೇದವಿಲ್ಲದೆ ಪಾಲನೆಯಾದ ನೀತಿ ಇದೊಂದೇ ಇರಬಹುದು. ಈ ಅವಧಿಯಲ್ಲಿ ರಾಜ್ಯವು ಸ್ಥಳೀಯ ಸಂಸ್ಥೆಗೆ ಪತ್ರ ಬರೆದರೆ ಅದನ್ನು ತೆರೆಯುವವರು ರಾಜ್ಯವೇ ನೇಮಿಸಿದ ಆಡಳಿತಾಧಿಕಾರಿ. ಉತ್ತರ ಬರೆಯುವವರೂ ಅವರೇ. ಕೊಡುವವರು, ಕೇಳುವವರು, ತಿರಸ್ಕರಿಸುವವರು, ಮೂವರೂ ಒಂದೇ. ಭೇದ ಎಲ್ಲಿದೆ?

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಈ ದರ್ಶನದ ಶಿಖರ. ಒಂದು ಪಾಲಿಕೆ ಐದಾಯಿತು, ಮೇಲೆ ಒಂದು ಪ್ರಾಧಿಕಾರ ಬಂತು. ಪ್ರಾಧಿಕಾರದ ಅಧ್ಯಕ್ಷರು ಸ್ವತಃ ಮುಖ್ಯಮಂತ್ರಿಗಳು. ಇನ್ನು ಮುಂದೆ ನಗರದ ಸಮಸ್ಯೆ ಕುರಿತು ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿಯವರನ್ನು ಭೇಟಿಯಾಗಲು ಸಮಯ ಕೇಳುವ ಪ್ರಮೇಯವೇ ಇಲ್ಲ. ಐದು ಪಾಲಿಕೆ ಮಾಡಿದ್ದರಿಂದ ಒಳ್ಳೆಯದಾಗಬಾರದೆಂದೇನಿಲ್ಲ. ಆದರೆ ಐವರು ಮೇಯರ್‌ಗಳು ಸೇರಿದರೂ ಒಬ್ಬ ಮುಖ್ಯಮಂತ್ರಿಯ ಎದುರು ಕುಳಿತು ಮಾತನಾಡಬೇಕು ಎಂಬುದನ್ನು ಬರೆದವರು ಅಚಾತುರ್ಯದಿಂದ ಬರೆದದ್ದಲ್ಲ.

ಈ ಪ್ರಬಂಧ ಕರಡು ಮಾತ್ರ. ಆಕ್ಷೇಪಣೆ, ಸಲಹೆಗಳಿದ್ದವರು ಇಂದಿನಿಂದ ಮೂವತ್ತು ದಿನಗಳೊಳಗೆ ದ್ವಿಪ್ರತಿಯಲ್ಲಿ, ಲಿಖಿತವಾಗಿ ಸಲ್ಲಿಸತಕ್ಕದ್ದು. ಯಾವ ಕಚೇರಿಗೆ ಸಲ್ಲಿಸಬೇಕೆಂಬುದು ಎರಡು ಇಲಾಖೆಗಳ ನಡುವೆ ಇನ್ನೂ ಇತ್ಯರ್ಥವಾಗಬೇಕಿರುವುದರಿಂದ, ಓದುಗರು ಸಹಕರಿಸಬೇಕಾಗಿ ಕೋರಿದೆ.