ಬೇಜಾರು ಮೀಮಾಂಸೆ: ಕರ್ತೃವಿಲ್ಲದ ಕ್ರಿಯೆಯೊಂದರ ವ್ಯಾಕರಣ

ಬೇಜಾರನ್ನು ಮನಸ್ಸಿನ ಸ್ಥಿತಿಯೆಂದು ತಿಳಿದವರೇ ಹೆಚ್ಚು. ಅದು ಮನಸ್ಸಿಗಿಂತ ಮೊದಲು ವ್ಯಾಕರಣಕ್ಕೆ ಸೇರಿದ್ದು, ಬೇಜಾರು ಮಾಡಿದವನನ್ನು ವಾಕ್ಯದಿಂದ ಪಾರುಮಾಡುವುದೇ ಅದರ ಕಸುಬು ಎಂಬುದು ಈ ಪ್ರಬಂಧದ ಪಕ್ಷ. ‘ನನಗೆ ಬೇಜಾರಾಯ್ತು’ ಎಂಬ ಪ್ರಯೋಗವನ್ನೇ ನೋಡಿ. ಬೇಜಾರು ತಾನಾಗಿಯೇ ಆಗಿದೆ, ಮಳೆ ಆದ ಹಾಗೆ. ನೊಂದವನು ಚತುರ್ಥಿ ವಿಭಕ್ತಿಯಲ್ಲಿ ನಿಂತಿದ್ದಾನೆ. ಚತುರ್ಥಿಯೆಂದರೆ ಸಂಪ್ರದಾನ, ದಾನ ಪಡೆಯುವವನಿಗೆಂದು ಶಾಸ್ತ್ರಕಾರರು ಮೀಸಲಿಟ್ಟ ಜಾಗ. ಹಾಗಾದರೆ ಬೇಜಾರು ಒಂದು ದಾನ. ದಾನಿಯ ಹೆಸರು ಎಲ್ಲೂ ಕಾಣದಿರುವುದರಿಂದ ಗುಪ್ತದಾನ. ‘ಬೇಜಾರು ಮಾಡ್ಕೋಬೇಡಿ, ಈ ತಿಂಗಳು ಬಾಡಿಗೆ ಸ್ವಲ್ಪ ತಡ ಆಗತ್ತೆ’ ಎಂಬಲ್ಲಿ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ಕರ್ತೃ ಇದ್ದಾನೆ, ಆದರೆ ಅವನು ಬಾಡಿಗೆ ಕೊಡದವನಲ್ಲ, ಬಾಡಿಗೆ ಬರಬೇಕಾದವನು! ‘ಕೊಳ್ಳು’ ಎಂಬ ಒಂದೇ ಧಾತು ಹೊಣೆಯನ್ನೆಲ್ಲ ಮನೆ ಮಾಲೀಕರ ತಲೆಗೆ ಕಟ್ಟಿ, ಅಪರಾಧಕ್ಕೆ ಮುಂಚೆಯೇ ಬಾಡಿಗೆದಾರನಿಗೆ ನಿರೀಕ್ಷಣಾ ಜಾಮೀನು ಕೊಡಿಸುತ್ತದೆ.

‘ಅವನು ನನಗೆ ಬೇಜಾರು ಮಾಡಿದ’ ಎಂಬಲ್ಲಿ ಕರ್ತೃ ಸ್ಪಷ್ಟವಾಗಿಯೇ ಇದ್ದಾನಲ್ಲ ಎಂದು ಪೂರ್ವಪಕ್ಷದವರು ಕೇಳಬಹುದು. ಇದ್ದಾನೆ, ವಾಕ್ಯದಲ್ಲಿ, ಕೋಣೆಯಲ್ಲಿಲ್ಲ. ಈ ಪ್ರಯೋಗವೆಲ್ಲ ಮೂರನೆಯವರ ಕಿವಿಗೆ ಮಾತ್ರ. ‘ಅವನು’ ಬಾಗಿಲಲ್ಲಿ ಕಂಡೊಡನೆ ಅದು ‘ಏನಿಲ್ಲ, ಸ್ವಲ್ಪ ಬೇಜಾರಾಯ್ತು ಅಷ್ಟೆ’ ಎಂದು ಮರಳಿ ಅಕರ್ಮಕವಾಗುತ್ತದೆ. ಪದವೇ ಪಾರಸಿಯದು, ಅದರ ದೋಷಕ್ಕೆ ಕನ್ನಡ ಹೊಣೆಯಲ್ಲ ಎಂಬುದು ಅಚ್ಚಗನ್ನಡದವರ ಆಕ್ಷೇಪ. 13ನೇ ಶತಮಾನದ ವೈಯಾಕರಣ ಕೇಶಿರಾಜನನ್ನು ಈ ಪ್ರಕರಣದಲ್ಲಿ ಎಳೆಯುವಂತಿಲ್ಲ, ಒಪ್ಪೋಣ. ಆದರೆ ಪಾರಸಿಯಲ್ಲಿ ಅದು ಮನುಷ್ಯನ ವಿಶೇಷಣ. ಅವನು ಯಾರಿಂದ ಬೇಸತ್ತನೆಂಬುದನ್ನು ‘ಅಜ಼್’ ಎಂಬ ಪದ ಹಚ್ಚಿ ಹೇಳುವುದು ಅಲ್ಲಿನ ರೂಢಿ. ವಿಶೇಷಣವನ್ನು ನಾಮಪದ ಮಾಡಿ, ಆ ‘ಅಜ಼್’ ಅನ್ನು ಗಡಿಯಾಚೆಯೇ ಬಿಟ್ಟು ಬಂದವರು ನಾವು. ಪಾರಸಿಯಿಂದಲೇ ಬಂದ ‘ಬೇನಾಮಿ’ಯಲ್ಲಿ ಆಸ್ತಿಯ ಒಡೆಯ ಮರೆಯಾಗಿರುವಂತೆ ಇಲ್ಲಿ ನೋವಿನ ಒಡೆಯ ಮರೆಯಾಗಿದ್ದಾನೆ. ‘ಬೇಸರ’ವೆಂಬ ಹಳೆಯ ಪದ ಮನೆಯಲ್ಲೇ ಇದ್ದರೂ ನಾವು ಇದನ್ನು ತಂದು ಸಾಕಿದ್ದು ಸುಮ್ಮನಲ್ಲ. ಬೇಸರ ಪುಸ್ತಕ ಓದುವಾಗಲೂ ಬರುತ್ತದೆ; ಬೇಜಾರಾಗಲು ನೆಂಟರು ಬೇಕು.

ಇನ್ನು ನಿಷೇಧರೂಪ. ‘ಬೇಜಾರಿಲ್ಲ’ ಎಂಬುದಕ್ಕೆ ಬೇಜಾರು ಇಲ್ಲವೆಂದು ಅರ್ಥ ಹೇಳುವುದು ನಿಘಂಟಿಗೆ ಭೂಷಣ, ಬಳಕೆಗಲ್ಲ. ನಿಜಕ್ಕೂ ಬೇಜಾರಿಲ್ಲದವರು ಆ ಸುದ್ದಿಯನ್ನೇ ಎತ್ತುವುದಿಲ್ಲ. ‘ಬೇಜಾರೇನಿಲ್ಲ’ ಎಂದು ನಡುವೆ ‘ಏನು’ ತೂರಿದರೆ ಬೇಜಾರಿದೆ, ಇನ್ನೂ ಮಾತಾಡಿ ಸರಿಪಡಿಸಬಹುದು. ಕೊನೆಗೆ ‘ಬಿಡಿ’ ಸೇರಿ ‘ಬೇಜಾರೇನಿಲ್ಲ ಬಿಡಿ’ ಎಂದಾದರೆ, ಆ ಮನೆಗೆ ಮುಂದಿನ ಯುಗಾದಿಯವರೆಗೆ ಹೋಗದಿರುವುದು ಶಾಸ್ತ್ರಸಮ್ಮತ.