ನಿಷ್ಪತ್ತಿ ರಾಯರು

ಮದುವೆ ಊಟದ ಪಂಕ್ತಿಯಲ್ಲಿ ನಿಷ್ಪತ್ತಿ ರಾಯರ ಪಕ್ಕ ಕೂತವರು ತುಪ್ಪದವನಿಗೆ ‘ಸಾಕು’ ಅನ್ನಬೇಕೇ ಹೊರತು ‘ಓಕೆ’ ಅನ್ನಕೂಡದು. ಅಂದಿರೋ, ರಾಯರ ಎಡಗೈ ಮೇಲೇಳುತ್ತದೆ. ಬಡಿಸುವವನು ನಿಂತಲ್ಲೇ ನಿಲ್ಲಬೇಕು.

“ಓಕೆ ಅಂದ್ಯಲ್ಲಪ್ಪಾ, ಅದರ ಮೂಲ ಗೊತ್ತೇನು? ಓಂಕಾರ ಕಣೋ! ಬಿಳಿಯರಿಗೆ ನಾಲಿಗೆ ಹೊರಳದೆ ಮೊಟಕಾಯಿತು.”

ಅಷ್ಟೂ ಹೊತ್ತು ಸೌಟು ಹೋಳಿಗೆಯ ಮೇಲೆಯೇ ಬಾಗಿರುತ್ತದೆ, ತುಪ್ಪ ಎಳೆಯಾಗಿ ಇಳಿಯುತ್ತಲೇ ಇರುತ್ತದೆ. ಅಷ್ಟರಮಟ್ಟಿಗೆ ಈ ವಿದ್ವತ್ತಿನಿಂದ ನೆರೆಯವರಿಗೆ ಲಾಭವೇ.

ರಾಯರು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು. ಕಾಗದಪತ್ರವಿಲ್ಲದೆ ಒಂದು ರೂಪಾಯಿ ಬಿಟ್ಟವರಲ್ಲ. ಪದಗಳ ವಿಷಯಕ್ಕೆ ಮಾತ್ರ ದಾಖಲೆ ಕೇಳುವುದಿಲ್ಲ. ಹಿಂದಿನ ಮದುವೆಯಲ್ಲಿ ಇದೇ ‘ಓಕೆ’ ಗ್ರೀಕರ ‘ಓಲಾ ಕಲಾ’ದಿಂದ ಬಂದಿತ್ತು. ಅದಕ್ಕೂ ಹಿಂದಿನ ನಾಮಕರಣದಲ್ಲಿ, ಯುದ್ಧದಲ್ಲಿ ಯಾರೂ ಸಾಯದ ದಿನ ‘ಸೊನ್ನೆ ಕಿಲ್ಡ್’ ಎಂದು ಹಲಗೆಯ ಮೇಲೆ ಬರೆದದ್ದರಿಂದ. ಒಂದಕ್ಕೊಂದು ತಾಳೆಯಾಗುವುದಿಲ್ಲವಲ್ಲ ಎಂದರೆ, “ಮೂರೂ ಸತ್ಯವೇ” ಅನ್ನುತ್ತಾರೆ. ಪಾಪ, ಅವರೊಬ್ಬರನ್ನೇ ದೂರಿ ಫಲವಿಲ್ಲ. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಕೂಡ ಇದು ಚಾಕ್ಟಾ ಬುಡಕಟ್ಟಿನ ಮಾತೆಂದು ನಂಬಿ ಕಡತಗಳ ಮೇಲೆ ‘ಓಕೆಹ್’ ಎಂದು ಬರೆಯುತ್ತಿದ್ದರು.

ಮೊನ್ನೆ ಮಾತ್ರ ಇಂಗ್ಲಿಷ್ ಎಂ.ಎ. ಓದುವ ತಂಗಿಯ ಮಗಳು ಪಕ್ಕದಲ್ಲೇ ಇದ್ದಳು.

“ಮಾವ, ಅದು ತಮಾಷೆಗೆ ಹುಟ್ಟಿದ್ದು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಅಚ್ಚಾಗಿದೆ. ಆಗ ಅಲ್ಲಿನ ಪತ್ರಿಕೆಯವರಿಗೆ ಬೇಕೆಂದೇ ಕಾಗುಣಿತ ತಪ್ಪಿಸಿ ಮೊದಲಕ್ಷರ ಬರೆಯೋ ಹುಚ್ಚು. ‘ಆಲ್ ಕರೆಕ್ಟ್’ ಅನ್ನೋದನ್ನ ‘ಓಲ್ ಕೊರೆಕ್ಟ್’ ಮಾಡಿ ಓಕೆ ಅಂದರು. ಮುಂದಿನ ವರ್ಷ ಅಮೆರಿಕದ ಅಧ್ಯಕ್ಷರ ಚುನಾವಣೆ. ಮಾರ್ಟಿನ್ ವ್ಯಾನ್ ಬ್ಯೂರನ್ ಕಿಂಡರ್‌ಹುಕ್ ಊರಿನವನು, ಅಡ್ಡಹೆಸರು ‘ಓಲ್ಡ್ ಕಿಂಡರ್‌ಹುಕ್’. ಅವನ ಕಡೆಯವರು ಓಕೆ ಕ್ಲಬ್ಬನ್ನೇ ಕಟ್ಟಿದರು. ಅವನು ಸೋತ, ಪದ ಗೆದ್ದಿತು. ಇದನ್ನೆಲ್ಲ ಹಳೇ ಪತ್ರಿಕೆ ಜಾಲಾಡಿ 1960ರ ದಶಕದಲ್ಲಿ ಹೊರಗೆ ತಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆಲನ್ ವಾಕರ್ ರೀಡ್.”

ದೊಡ್ಡ ಮನೆತನವೆಂದುಕೊಂಡ ಸಂಬಂಧಕ್ಕೆ ಗೋತ್ರವೇ ಇಲ್ಲವೆಂದು ತಿಳಿದವರ ಹಾಗೆ ರಾಯರ ಮುಖ ಇಳಿಯಿತು. “ಕಾಗುಣಿತದ ತಪ್ಪೇನೇ? ಜಗತ್ತೆಲ್ಲ ಆಡೋ ಮಾತು, ಪತ್ರಿಕೆಯವನ ಕುಚೇಷ್ಟೆಯೇ?”

ಹುಡುಗಿ ಒಳ್ಳೆಯವಳು, ಸಮಾಧಾನ ಹೇಳಲು ನೋಡಿದಳು. “ನಮ್ಮ ದೇಶದಿಂದಲೂ ಹೋಗಿವೆ ಮಾವ. ತಲೆ ಕೆಟ್ಟವನಿಗೆ ಇಂಗ್ಲೆಂಡಿನಲ್ಲಿ ‘ಡೂಲಾಲಿ’ ಅಂತಾರೆ. ಅದು ನಾಸಿಕದ ಹತ್ತಿರದ ದೇವಳಾಲಿ. ಬ್ರಿಟಿಷ್ ಸಿಪಾಯಿಗಳು ಊರಿಗೆ ಹೋಗೋ ಹಡಗಿಗೆ ಅಲ್ಲಿ ಕಾದು ಕಾದು ಹುಚ್ಚು ಹಿಡಿಸಿಕೊಳ್ತಿದ್ದರಂತೆ. ಪೂರ್ತಿ ಮಾತು ‘ಡೂಲಾಲಿ ಟ್ಯಾಪ್’. ಆ ಟ್ಯಾಪ್ ನಮ್ಮ ತಾಪವೇ, ಜ್ವರ.”

“ಯಾರು ಹೇಳಿದ್ದು?”

“ಆಕ್ಸ್‌ಫರ್ಡ್ ನಿಘಂಟು.”

“ಬ್ರಿಟಿಷರ ಪುಸ್ತಕ!” ರಾಯರು ಹಪ್ಪಳ ಮುರಿದರು. ಸ್ವಲ್ಪ ಹೊತ್ತು ಅಗಿದರು. ಕಣ್ಣು ಫಳ್ಳೆಂದಿತು.

“ದೇವಳಾಲಿಯಲ್ಲ, ಮಂಕೇ. ದಿವಾಳಿ! ಬುದ್ಧಿ ದಿವಾಳಿ ಆದವನು ಡೂಲಾಲಿ.”

ಎದುರು ಸಾಲಿನಲ್ಲಿ ಯಾರೋ “ಹೌದಲ್ರೀ!” ಎಂದು ತಲೆದೂಗಿದರು. ಮಜ್ಜಿಗೆ ಬರುವಷ್ಟರಲ್ಲಿ ಅದು ವಾಟ್ಸಾಪ್ ಸೇರಿತ್ತು.