ನೋಂದಾಯಿತ ಕಾಕಾ ಅವರಿಗೆ ಸತ್ಕಾರ

ಇಂದಿನ ಸಮಾರಂಭದ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಹಿರಿಯರೇ, ಗುಲಾಬಿ ಫೇಟಾ ಹುಬ್ಬಿನ ತನಕ ಇಳಿದಿದ್ದರೂ ಮರ್ಯಾದೆಗೆ ಅಂಜಿ ಮೇಲೆತ್ತದೆ ಕುಳಿತಿರುವ ಸತ್ಕಾರಮೂರ್ತಿ ಕಾಕಾ ಅವರೇ, ಹೊದಿಸಿದ ಶಾಲನ್ನು "ಈ ಸೆಕಿಯಾಗ ಇದ್ಯಾಕಪಾ" ಎಂದು ಮಡಚಿ ತೊಡೆಯ ಮೇಲಿಟ್ಟುಕೊಂಡಿರುವ ಕಾಕು ಅವರೇ, ಬುಂದಿಯ ವಾಸನೆ ಬಂದದ್ದರಿಂದಲೇ ಇನ್ನೂ ಎದ್ದು ಹೋಗದಿರುವ ಅಕಿವಾಟದ ಸಮಸ್ತ ಬಂಧು ಭಗಿನಿಯರೇ,

ನಮ್ಮೂರಲ್ಲಿ ಸತ್ಕಾರಕ್ಕೆ ಬರಗಾಲವಿಲ್ಲ. ಸೊಸೈಟಿಗೆ ಆರಿಸಿ ಬಂದವರಿಗೆ ಸತ್ಕಾರ, ಸೋತವರಿಗೆ ಸಮಾಧಾನದ ಸತ್ಕಾರ, ಹತ್ತನೇತ್ತೆ ಪಾಸಾದ ಹುಡುಗರಿಗೆ ಸತ್ಕಾರ. ಆದರೆ ಮದುವೆಯಾಗಿ 41 ವರ್ಷದ ಮೇಲೆ, "ಹೌದು ಸಾಹೇಬ್ರ, ನನ್ನ ಮದುವಿ ಆಗೇತಿ" ಎಂದು ಸರಕಾರದ ಮುಂದೆ ಒಪ್ಪಿಕೊಂಡು ಬಂದ ಧೀರನ ಸತ್ಕಾರ ಈ ಕಟ್ಟೆಯ ಮೇಲೆ ಇದೇ ಮೊದಲು.

ಸತ್ಕಾರಮೂರ್ತಿಗಳ ಪರಿಚಯ ಮಾಡಿಕೊಡುವ ಭಾಗ್ಯ ನನ್ನದು. ನೋಂದಣಿಯ ವಿಷಯದಲ್ಲಿ ಕಾಕಾ ಅವರಷ್ಟು ಶಿಸ್ತಿನ ಮನುಷ್ಯ ಶಿರೋಳ ತಾಲೂಕಿನಲ್ಲಿ ಸಿಗುವುದು ಕಷ್ಟ. ಕಬ್ಬಿನ ಲಾಗಣಿ ಮುಗಿದು ಕೈಯ ಮಣ್ಣು ಒಣಗುವುದರೊಳಗೆ ಅವರು ಕಬ್ಬು ಬರೆದುಕೊಳ್ಳುವ ಸಕ್ಕರೆ ಕಾರ್ಖಾನೆಯ ಚಿಟ್‌ಬಾಯ್‌ನನ್ನು ಹುಡುಕಿಕೊಂಡು ಹೊರಟಿರುತ್ತಾರೆ. ಗಟ್ ನಂಬರ್ ಎಷ್ಟು, ಗುಂಟೆ ಎಷ್ಟು, ತಳಿ 86032 ಹೌದೋ ಅಲ್ಲವೋ, ಅಡಸಾಲಿಯೋ ಸುರುವೋ ಖೋಡವಾವೋ, ಲಾಗಣಿಯ ತಾರೀಖು ಯಾವುದು, ಎಲ್ಲ ಬರೆಸಿ, ಬರೆದದ್ದನ್ನು ಮತ್ತೊಮ್ಮೆ ಓದಿಸಿ, ಪಾವತಿ ಚೀಟಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಾರೆ. ಏಕೆಂದರೆ ನೋಂದು ತಪ್ಪಿದರೆ ತೋಡಣಿಯ, ಅಂದರೆ ಕಟಾವಿನ, ಪಾಳಿ ತಪ್ಪುತ್ತದೆ, ಕಬ್ಬು ಹೊಲದಲ್ಲೇ ತುರಾಯಿ ಬಿಡುತ್ತದೆ. ಸಂತೆಯಲ್ಲಿ ಕೊಂಡ ಎಮ್ಮೆಗೆ ಪಾವತಿ ಇದೆ. ಟ್ರ್ಯಾಕ್ಟರಿಗೆ ಆರ್‌ಟಿಓ ಪುಸ್ತಕ ಇದೆ. ಬೋರಿನ ಮೋಟಾರಿಗೆ ಗ್ಯಾರಂಟಿ ಕಾರ್ಡು ಇದೆ. 1984ರಲ್ಲಿ ದೂಧಗಂಗೆಯ ಆಚೆ ಕರ್ನಾಟಕದಲ್ಲಿರುವ ಸದಲಗಾದಿಂದ ಈ ಮನೆಗೆ ಬಂದ ಕಾಕು ಅವರಿಗೆ ಮಾತ್ರ ಯಾವ ಪಾವತಿಯೂ ಇರಲಿಲ್ಲ.

ಕಾಯ್ದೆ ಇರಲಿಲ್ಲವೇ? ಇತ್ತು. ಮುಂಬಯಿ ಸರಕಾರ 1953ರಲ್ಲೇ ಮದುವೆ ನೋಂದಣಿಯ ಕಾಯ್ದೆ ಮಾಡಿತ್ತು. ಈಗ ನಡೆಯುತ್ತಿರುವುದು ಮಹಾರಾಷ್ಟ್ರದ 1998ರ ಕಾಯ್ದೆ. ಅದರ ಹೆಸರು ಕೇಳಿ: ವಿವಾಹ ಮಂಡಳಗಳ ವಿನಿಯಮನ ಮತ್ತು ವಿವಾಹ ನೋಂದಣಿ ಅಧಿನಿಯಮ. ಸಂಬಂಧ ಕುದುರಿಸುವ ದಲ್ಲಾಳಿಗೂ ಕುದುರಿದ್ದನ್ನು ಬರೆದುಕೊಳ್ಳುವ ಅಧಿಕಾರಿಗೂ ಸರಕಾರ ಒಂದೇ ಚಾಪೆ ಹಾಸಿದೆ. ಮದುವೆಯಾದ 90 ದಿನದೊಳಗೆ ಅರ್ಜಿ ಕೊಡಬೇಕು. ಹಳ್ಳಿಯಲ್ಲಿ ನೋಂದಣಿ ಮಾಡುವವರು ನಾವು ಭಾವುಸಾಹೇಬರು ಎನ್ನುವ ಗ್ರಾಮಸೇವಕರು. ನಮೂನಾ 'ಡ' ತುಂಬಿ ಕೊಟ್ಟರೆ ನಮೂನಾ 'ಇ' ಎಂಬ ಪ್ರಮಾಣಪತ್ರ ಕೈಗೆ ಬರುತ್ತದೆ. ಡ ಕೊಟ್ಟು ಇ ಪಡೆಯುವ ಈ ಸಣ್ಣ ವ್ಯವಹಾರಕ್ಕೆ ನಮ್ಮ ಕಾಕಾ ನಾಲ್ಕು ದಶಕ ಯೋಚಿಸಿದರು.

ಯೋಚನೆಗೆ ಕೊನೆ ಹಾಡಿದ್ದು ಅವರ ಮಗಳು. ಆಕೆ ಈಗ ಅಮೆರಿಕದ ನಾಗರಿಕಳು. ತಂದೆ ತಾಯಿಯನ್ನು ಅಲ್ಲಿಗೇ ಕರೆಸಿಕೊಳ್ಳಬೇಕೆಂದು ಅರ್ಜಿ ಹಾಕಹೊರಟಳು. ಆ ದೇಶದ ನಿಯಮ ನೋಡಿ: ತಾಯಿಯನ್ನು ಕರೆಸಿಕೊಳ್ಳಲು ಮಗಳ ಜನ್ಮದಾಖಲೆ ಸಾಕು, ಅದರಲ್ಲಿ ತಾಯಿಯ ಹೆಸರಿದ್ದರಾಯಿತು. ತಂದೆಯನ್ನು ಕರೆಸಿಕೊಳ್ಳಲು ಮಾತ್ರ ತಂದೆ ತಾಯಿಯ ಮದುವೆಯ ದಾಖಲೆಯೂ ಬೇಕು. ಅಂದರೆ ಕಾಕು ಹಾಗೆಯೇ ತಾಯಿ. ಕಾಕಾ ತಂದೆ ಎನ್ನಿಸಿಕೊಳ್ಳಲು ಕಾಗದ ತರಬೇಕು. ಊರ ಪಂಚರಲ್ಲಿ ಒಬ್ಬರಾದ ಕಾಕಾ ಅಂದು ಒಂದು ಹೊತ್ತು ಊಟ ಬಿಟ್ಟರು.

ಆ ದೇಶ ಮದುವೆಗೆ ಕಾಗದ ಕೇಳುತ್ತದೆಂಬುದು ಕಾಕಾಗೆ ಮೊದಲೇ ಗೊತ್ತಿರಬೇಕಿತ್ತು, ಮಗಳ ಮದುವೆ ಕ್ಯಾಲಿಫೋರ್ನಿಯಾದಲ್ಲಿ ಆದದ್ದು. ಅಲ್ಲಿ ಮೊದಲು ಗಂಡು ಹೆಣ್ಣು ಇಬ್ಬರೂ ಕೌಂಟಿ ಕಚೇರಿಗೆ ಹೋಗಿ ಲೈಸನ್ಸ್ ತೆಗೆಯಬೇಕು. ಅದರ ಆಯುಷ್ಯ 90 ದಿನ. ಅಷ್ಟರೊಳಗೆ ಮದುವೆಯಾಗಬೇಕು. ಮದುವೆ ಮಾಡಿಸಿದವರು ಲೈಸನ್ಸಿಗೆ ಸಹಿ ಹಾಕಿ 10 ದಿನದೊಳಗೆ ವಾಪಸು ಕಳಿಸಬೇಕು. ಆಮೇಲೆ ಕೌಂಟಿಯಿಂದ ಪ್ರಮಾಣಿತ ಪ್ರತಿ ತೆಗೆದುಕೊಳ್ಳಬೇಕು. "ಮನಿ ಕಟ್ಟಾಕ ಪರವಾನಗಿ ಕೇಳೀನಿ, ಮದುವಿಗೂ ಪರವಾನಗಿ?" ಎಂದು ಕಾಕಾ ಅಂದು ನಕ್ಕಿದ್ದರು. ಅಲ್ಲಿಯವರಿಗೆ 90 ದಿನ ಕೊಟ್ಟಿರುವುದು ಮದುವೆಯಾಗಲು, ನಮಗೆ ಕೊಟ್ಟಿರುವುದು ಆಯಿತೆಂದು ಹೇಳಲು. ಇಷ್ಟೇ ಫರಕು. ಲಾಸ್ ವೇಗಸ್‌ನಲ್ಲಂತೂ ಲೈಸನ್ಸ್ ಕೊಡುವ ಕಚೇರಿ ದಿನಾ ನಡುರಾತ್ರಿಯ ತನಕ ತೆರೆದಿರುತ್ತದೆ. ನಮ್ಮ ಕಡೆ ಅಷ್ಟು ಹೊತ್ತಿನ ತನಕ ದೀಪ ಉರಿಯುವುದು ಬೆಲ್ಲ ಕಾಯಿಸುವ ಗುರ್‍ಹಾಳದಲ್ಲಿ ಮಾತ್ರ.

ಇನ್ನು ಕಾಕಾ ಅವರ ಸಾಹಸಗಾಥೆ. ನಾನು ಯಾವ ಕಚೇರಿಯ ಹೆಸರನ್ನೂ ಎತ್ತುವುದಿಲ್ಲ, ಬುಂದಿ ತಿನ್ನುವ ಹೊತ್ತಿನಲ್ಲಿ ವೈರ ಬೇಡ. ಮೊದಲ ತೊಡಕು ಹೆಸರಿನದು. ಕಾಕು ಅವರ ಶಾಲೆಯ ದಾಖಲೆ ಸದಲಗಾದ್ದು, ಕನ್ನಡದಲ್ಲಿದೆ. ಅದರಲ್ಲಿ ಹೆಸರಿನ ಕೊನೆಗೆ 'ವ್ವ'. ಇಲ್ಲಿನ ರೇಶನ್ ಕಾರ್ಡು ಮರಾಠಿಯಲ್ಲಿದೆ, ಅದರಲ್ಲಿ 'ಬಾಯಿ'. ಆಧಾರ್ ಕಾರ್ಡಿನಲ್ಲಿ ಎರಡೂ ಇಲ್ಲ, ಬೋಳು ಹೆಸರು. 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ಹೊಳೆಯ ಮೇಲೆ ಎಳೆದೆವೆಂದುಕೊಂಡಿದ್ದರು. ಅದು ನಮ್ಮ ಹೆಂಗಸರ ಹೆಸರಿನ ಬಾಲದ ಮೇಲೆ ಹಾಯ್ದು ಹೋಗಿದೆ. ಮೂವರೂ ನಮ್ಮ ಕಾಕುವೇ ಎಂದು ಊರಿಗೆ ಗೊತ್ತು. ಕಾಗದದ ಲೆಕ್ಕದಲ್ಲಿ ಮೂವರು ಹೆಂಗಸರು, ಒಬ್ಬ ಗಂಡ. 1955ರ ಹಿಂದೂ ವಿವಾಹ ಕಾಯ್ದೆ ನಮ್ಮಂಥ ಜೈನರಿಗೂ ಅನ್ವಯಿಸುತ್ತದೆ, ಅದರಲ್ಲಿ ಎರಡನೆಯ ಹೆಂಡತಿಗೇ ಜಾಗವಿಲ್ಲ. ಕಾಕಾ ಬೆವರಿದರು. ಕಾಕು ಬೆವರಲಿಲ್ಲ. "ಖರೇನ ಮೂರು ಮಂದಿ ಇದ್ದಿದ್ರ ಛಲೋ ಆಗ್ತಿತ್ತು. ಒಬ್ಬಾಕಿ ಎಮ್ಮಿ ಹಿಂಡತಿದ್ಲು, ಒಬ್ಬಾಕಿ ರೊಟ್ಟಿ ಬಡಿತಿದ್ಲು, ನಾ ಕುಂಡ್ರತಿದ್ದೆ" ಎಂದರು. ಕೊನೆಗೆ ಪ್ರತಿಜ್ಞಾಪತ್ರ ಬರೆಸಿ ಮೂವರನ್ನೂ ಒಬ್ಬಳನ್ನಾಗಿ ಮಾಡಲಾಯಿತು.

ಎರಡನೆಯದು ಪುರಾವೆ. ಮದುವೆ ಮಾಡಿಸಿದ ಉಪಾಧ್ಯೆರ ಸಹಿ ಬೇಕು, ಅವರು ತೀರಿಕೊಂಡಿದ್ದಾರೆ. ಲಗ್ನಪತ್ರಿಕೆ ಬೇಕು, ಅದು ಟ್ರಂಕಿನಲ್ಲಿ ಕಬ್ಬಿನ ಪಾವತಿಗಳ ಕೆಳಗಿತ್ತು. 2019ರ ಆಗಸ್ಟಿನ ಮಹಾಪೂರ ಮನೆಯೊಳಗೆ ಬಂದಾಗ ಕಾಕಾ ಮೇಲಿದ್ದ ಪಾವತಿಗಳನ್ನು ಬಾಚಿಕೊಂಡು ಓಡಿದರು, ಕೆಳಗಿದ್ದ ಮದುವೆ ನೀರಿಗೆ ಹೋಯಿತು. ಉಳಿದದ್ದು ಕಾಕು ಅವರ ತವರಿನ ಗೋಡೆಯ ಮೇಲಿದ್ದ ಒಂದೇ ಒಂದು ಕಪ್ಪು ಬಿಳುಪು ಫೋಟೋ. ತರಲು ಹೋದಾಗ ಆ ಮನೆಯ ಅಳಿಯನಾದ ಕಾಕಾಗೆ ಮಾತು ತಪ್ಪಲಿಲ್ಲ. "ನಮ್ಮ ಕರ್ನಾಟಕದಾಗ 2024ರಿಂದ ಮನ್ಯಾಗ ಕುಂತು ಕಾವೇರಿ ತಂತ್ರಾಂಶದಾಗ ಅರ್ಜಿ ಹಾಕ್ತಾರ, ಮಾವಾ" ಎಂದು ಕಾಕು ಅವರ ತಮ್ಮನ ಮಗ ಚುಚ್ಚಿದ.

ಮೂರನೆಯದು ಸಾಕ್ಷಿ. ಮೂವರು ಬೇಕು. ಒಬ್ಬರಿಗೆ ಕಿವಿ ಮಂದ, ಇನ್ನೊಬ್ಬರಿಗೆ ಕಣ್ಣು ಮಂದ, ಮೂರನೆಯವನು ನಾನು. ಮದುವೆಯ ದಿನ ನನಗೆ ಆರು ವರ್ಷ. "ನೀವು ಖುದ್ದು ನೋಡೀರೇನು?" ಎಂದು ಕೇಳಿದರು. ನಾನು ಫೋಟೋ ಮುಂದೆ ಹಿಡಿದೆ. ವರ ಕ್ಯಾಮೆರಾ ನೋಡುತ್ತಿದ್ದಾನೆ. ವಧುವಿನ ಮುಖ ಬಾಸಿಂಗದ ಹಿಂದೆ ಇದೆ. ಮೂಲೆಯಲ್ಲಿ ಚಡ್ಡಿಯ ಗುಂಡಿ ಕಿತ್ತ ಹುಡುಗನೊಬ್ಬ ಎರಡೂ ಕೈಯಲ್ಲಿ ಬುಂದಿ ಹಿಡಿದು ನಿಂತಿದ್ದಾನೆ. ಆ ಫೋಟೋದಲ್ಲಿ ಗುರುತು ಹತ್ತುವ ಮುಖ ನನ್ನದೊಂದೇ. ಸಾಹೇಬರು ನನ್ನನ್ನೂ ಫೋಟೋವನ್ನೂ ನೋಡಿ, ನಕ್ಕು, ಸಹಿಯ ಜಾಗ ತೋರಿಸಿದರು.

ಕೊನೆಗೆ ಮದುವೆಯ ತಾರೀಖಿನ ಪ್ರಶ್ನೆ. 86032 ಯಾವ ಗಟ್‌ನಲ್ಲಿ ಯಾವಾಗ ನೆಟ್ಟೆವೆಂದು ನಿದ್ದೆಯಲ್ಲೂ ಹೇಳುವ ಕಾಕಾ ಛಾವಣಿ ನೋಡತೊಡಗಿದರು. "ಖೋಡವಾ ಹೋದ ವರ್ಷ..." ಎಂದು ತಡವರಿಸಿದರು. ಕಾಕು ತಾರೀಖು ಹೇಳಿದರು, ವಾರ ಹೇಳಿದರು, ಅಕ್ಷತೆ ಬೀಳುವ ಹೊತ್ತಿಗೆ ಬೇಸಿಗೆಯ ವಳವಿನ ಮಳೆ ಬಂದು ಮಂಟಪ ತೊಯ್ದದ್ದನ್ನೂ ಹೇಳಿದರು. ಮಳೆಗೆ ನಮೂನೆಯಲ್ಲಿ ಕಾಲಮ್ಮು ಇರಲಿಲ್ಲ.

ಬಂಧುಗಳೇ, ಈ ಕಾಗದವಿಲ್ಲದಿದ್ದರೆ ಮದುವೆ ಕೆಡುತ್ತಿತ್ತೇ? ಇಲ್ಲ, ನೋಂದಣಿ ಆಗದ ಮಾತ್ರಕ್ಕೆ ಮದುವೆ ಅಸಿಂಧು ಆಗದೆಂದು 1955ರ ಕಾಯ್ದೆಯೇ ಹೇಳುತ್ತದೆ. ಶಾಸ್ತ್ರ ಮಾಡದೆ ಬರೀ ಕಾಗದ ತೆಗೆದರೆ ಅದು ಮದುವೆಯೇ ಅಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಆದರೂ ಎಲ್ಲ ಮದುವೆಗಳನ್ನೂ ನೋಂದಾಯಿಸಲೇಬೇಕೆಂದು ಅದೇ ಕೋರ್ಟ್ 2006ರ ಫೆಬ್ರುವರಿ 14ರಂದು ಹೇಳಿದ್ದು, ಮದುವೆಯನ್ನೇ ಅಲ್ಲಗಳೆಯುವ ಗಂಡಂದಿರನ್ನೂ ಹಕ್ಕಿಗಾಗಿ ಅಲೆಯುವ ವಿಧವೆಯರನ್ನೂ ಕಂಡು. ನಮ್ಮ ಓಣಿಗಳಲ್ಲೂ ಗಂಡ ಹೋದ ಮೇಲೆ ತಾನು ಯಾರ ಹೆಂಡತಿ ಎಂದು ತೋರಿಸಲು ಕಾಗದ ಹುಡುಕಿಕೊಂಡು ತಿರುಗಿದ ಅವ್ವಂದಿರಿದ್ದಾರೆ. ಅವರ ಮನೆಯ ಕಬ್ಬಿನ ಪಾವತಿ ಒಂದೂ ಕಳೆದಿರಲಿಲ್ಲ.

ಆದ್ದರಿಂದ ಈ ಫೇಟಾ ಕಾಕಾ ಅವರ ತಲೆಯ ಮೇಲಿದ್ದರೂ ಸತ್ಕಾರ ಯಾರದೆಂದು ನಿಮಗೆ ಗೊತ್ತಾಗಿರಬಹುದು. ನಮೂನಾ 'ಇ' ಮನೆಗೆ ಬಂದ ದಿನ ಕಾಕಾ ರೂಢಿಯಂತೆ ಟ್ರಂಕಿನ ಕೀಲಿ ತೆಗೆದರು. ಕಾಕು ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು, ಸ್ಟೂಲು ಹತ್ತಿ, ಗೋಡೆಯ ಮೇಲೆ 2019ರ ನೀರು ಬಿಟ್ಟುಹೋದ ಕಂದು ಗೆರೆಗಿಂತ ಎರಡು ಗೇಣು ಎತ್ತರದ ಗೂಡಿನಲ್ಲಿಟ್ಟರು. ಕಬ್ಬಿನ ಪಾವತಿಗಳು ಕೆಳಗೆ ಟ್ರಂಕಿನಲ್ಲೇ ಇವೆ.

ಕಾಕಾ, ಫೇಟಾ ಸ್ವಲ್ಪ ಮೇಲಕ್ಕೆ ಸರಿಸಿಕೊಳ್ಳಿ, ಫೋಟೋ ತೆಗೆಯುವವರು ಬಂದಿದ್ದಾರೆ. ಕಾಕು, ಈ ಸಲ ಮುಖ ಎತ್ತಿ ಕೂಡ್ರಿ. ಬುಂದಿ ಹಿಡಿದುಕೊಂಡು ನಾನು ಮೂಲೆಯಲ್ಲಿ ನಿಲ್ಲುತ್ತೇನೆ.